ಹೊಟ್ಟಿನ ಚೀಲ, ಜಡೆಮ್ಮನ ಕಾಲು

ಸಿರಿಗೇರಿಯ ಬಸ್ಸಿನ ಸಂಗತಿಯನ್ನು ಹೊಸದಾಗಿ ಹೇಳಬೇಕೆ? ಬೆಳಗಿನ ಬಸ್ಸಿಗೆ ಕಾಯುತ್ತ ನಿಂತ ಗಂಡು ಹೆಣ್ಣುಗಳಿಗೆ ಅಲ್ಲಿಯೇ ಮಾತುಕತೆಯಾಗಿ, ಲಗ್ನವಾಗಿ, ಮಕ್ಕಳಾಗಿ, ಆ ಮಕ್ಕಳೂ ದೊಡ್ಡವರಾಗಿ ಅದೇ ಬಸ್ಸಿಗೆ ಕಾಯುತ್ತ ನಿಂತಿದ್ದರು. ಬಂದ ಬಸ್ಸಾದರೂ ಎಂಥದು! ಒಳಗೆ ಒಬ್ಬ ಸೀನಿದರೆ ಟಾಪಿನ ಮೇಲೆ ಕೂತವನ ರುಮಾಲು ಹಾರುತ್ತಿತ್ತು. ಬಲಗಾಲು ಒಳಗಿಟ್ಟವನ ಎಡಗಾಲು ಬಳ್ಳಾರಿ ಮುಟ್ಟುವವರೆಗೂ ಹೊರಗೇ ಇರುತ್ತಿತ್ತು.

ಇಂಥ ಊರಿನಲ್ಲಿ ಎಂಬತ್ತಮೂರನೆಯ ಇಸವಿಯಲ್ಲಿ ಮೈಲಾರಪ್ಪ ಒಂದು ವ್ಯಾನು ಇಟ್ಟಿದ್ದ. ಸ್ವಂತದ್ದು. ಓಡಿಸುವವನೂ ಅವನೇ, ತೊಳೆಯುವವನೂ ಅವನೇ, ಸಂಜೆಗೆ ಅದರ ಮೂತಿ ಸವರಿ ದೃಷ್ಟಿ ತೆಗೆಯುವವನೂ ಅವನೇ. ಜನರನ್ನು ಬಾಡಿಗೆಗೆ ಒಯ್ಯಲು ಪರವಾನಗಿ ಇದ್ದ ಗಾಡಿ. ಒಳಗೆ ನೀಲಿ ರೆಗ್ಜಿನ್ನಿನ ಸೀಟು, ಹಿಡಿದುಕೊಳ್ಳಲು ಕಬ್ಬಿಣದ ಹಿಡಿ. ಆ ಸೀಟಿನ ಮೇಲೆ ಒಮ್ಮೆ ಕೂತ ಮುದುಕಿಯೊಬ್ಬಳು ಇಳಿಯಲೊಲ್ಲೆ ಎಂದು ಹಟ ಮಾಡಿ ಬಳ್ಳಾರಿಗೂ ಸಿರಿಗೇರಿಗೂ ಮೂರು ಸಲ ತಿರುಗಿದಳಂತೆ. ಅಷ್ಟು ಮೆತ್ತಗೆ!

ಮೈಲಾರಪ್ಪನ ಬುದ್ಧಿಯ ಮಾತು ಬೇರೆ. ಅದು ಎಷ್ಟು ಹರಿತವೆಂದರೆ ತಲೆ ಕೆರೆದುಕೊಂಡರೆ ಅವನ ಉಗುರಿಗೇ ಗಾಯವಾಗುತ್ತಿತ್ತು. ಊರಲ್ಲಿ ಇಂಥ ಮಾತನ್ನು ಹೆಚ್ಚಾಗಿ ಅವನೇ ಹೇಳುತ್ತಿದ್ದ.

ಅವನಿಗೆ ಒಂದೇ ಒಂದು ಕಾಯಿಲೆ. ಮೂರು ತಿಂಗಳಿಗೊಮ್ಮೆ ಗಾಡಿಯ ತೆರಿಗೆ ಕಟ್ಟುವ ವಾರ ಬಂತೆಂದರೆ ಮೈ ಬಿಸಿಯಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ. ತೆರಿಗೆ ಸೀಟಿನ ಲೆಕ್ಕದ್ದು. ಸೀಟಿನ ಮೇಲೆ ಮನುಷ್ಯ ಕೂತರೂ ಕಟ್ಟಬೇಕು, ನೊಣ ಕೂತರೂ ಕಟ್ಟಬೇಕು.

ಒಂದು ಸಲ ಬಳ್ಳಾರಿಯಲ್ಲಿ ತೆರಿಗೆ ಕಟ್ಟಿ ಹೊರಗೆ ಬಂದವನು, ಬೇವಿನ ಮರದ ನೆರಳಿನಲ್ಲಿ ಅರ್ಜಿ ಬರೆದುಕೊಡುವ ಒಬ್ಬನ ಮುಂದೆ ಕೂತು ಅಳುವುದೊಂದು ಬಾಕಿ.

"ಯಾಕ ಇಷ್ಟು ಸಂಕಟ ಮಾಡ್ಕೋತೀರಿ?" ಎಂದ ಅರ್ಜಿಯವನು. "ಸೀಟು ಕಿತ್ತು ಹಾಕ್ರಿ. ಸಾಹೇಬರಿಗೆ ಗಾಡಿ ತೋರಿಸಿ, ಮಾಲಿನ ಗಾಡಿ ಅಂತ ಪುಸ್ತಕದಾಗ ಬದಲು ಮಾಡಸ್ರಿ. ಆಮ್ಯಾಲ ಸೀಟಿನ ಲೆಕ್ಕ ಇಲ್ಲ, ತೂಕದ ಲೆಕ್ಕ. ತೆರಿಗಿ ಅರ್ಧಕ್ಕರ್ಧ ಇಳೀತೈತಿ. ಕಾಯ್ದೆ ಪ್ರಕಾರನ ಐತಿ, ಕಳ್ಳತನ ಅಲ್ಲ."

"ಅಷ್ಟೇನ?"

"ಅಷ್ಟ. ಆದ್ರ ಅದರಾಗ ಮಂದೀನ ಹತ್ತಿಸಬ್ಯಾಡ್ರಿ ಮತ್ತ."

ಈ ಕೊನೆಯ ಮಾತನ್ನು ಕೇಳಲು ಮೈಲಾರಪ್ಪ ಅಲ್ಲಿ ಕೂತಿದ್ದನೇನೋ ನಿಜ. ಆದರೆ ಅವನ ಕಿವಿ ಆಗಲೇ ಸಿರಿಗೇರಿಯ ದಾರಿ ಹಿಡಿದಿತ್ತು.

ಸೀಟು ಬಿಚ್ಚಿದ್ದಾಯಿತು. ಪುಸ್ತಕದಲ್ಲಿ ಬದಲಾಯಿತು. ಗಾಡಿಯ ವಿಮೆಯೂ ಮಾಲಿನ ಗಾಡಿಯದೇ ಆಯಿತು, ಅದರ ಕಂತೂ ಇಳಿಯಿತು. ಮೈಲಾರಪ್ಪ ಮೀಸೆ ತಿರುವಿದ. ಹೆಂಡತಿ ಹನುಮಮ್ಮ ಮಾತ್ರ ಬೋಳು ವ್ಯಾನಿನೊಳಗೆ ಇಣುಕಿ ನೋಡಿದಳು.

"ಇದೇನ್ರಿ, ಹಲ್ಲು ಕಿತ್ತಿದ ಬಾಯಿ ಆದಂಗ ಆಗೇತಿ. ಇನ್ನ ಮಂದಿ ಎಲ್ಲಿ ಕುಂದ್ರಬೇಕು?"

"ಮಂದಿ ಎಲ್ಲಿಂದ ಬರ್ತಾರ? ಇದು ಮಾಲಿನ ಗಾಡಿ."

"ನಿಮ್ಮನ್ನ ನಾ ನೋಡಿಲ್ಲೇನು. ರಸ್ತೇದಾಗ ಕೈ ಎತ್ತಿದ್ರ ಮುಗೀತು, ಕಾಲು ತಾನಾಗೇ ಬ್ರೇಕ್ ಮ್ಯಾಲ ಹೋಗ್ತೈತಿ."

ಹನುಮಮ್ಮ ಹೇಳಿದ್ದು ಸುಳ್ಳಾಗಲಿಲ್ಲ. ಕೆಲವು ವಾರ ಅವನು ಅಕ್ಕಿ, ಗೊಬ್ಬರ, ಮೆಣಸಿನಕಾಯಿ ಹೇರಿದ. ಅಷ್ಟೇ ಮಾಡಿಕೊಂಡಿದ್ದರೆ ಈ ಕಥೆಗೆ ಇಲ್ಲಿಯೇ ಮಂಗಳ ಹಾಡಬಹುದಿತ್ತು. ಆದರೆ ಅಕ್ಕಿಯ ಮೂಟೆ 'ಮೈಲಾರಣ್ಣ, ನಿನ್ನಂಥ ಡ್ರೈವರ್ ಇಲ್ಲ ಬಿಡು' ಎನ್ನುವುದಿಲ್ಲ. ರಸ್ತೆಯ ಬದಿಯಲ್ಲಿ ಕೈ ಎತ್ತಿದವರು ಅನ್ನುತ್ತಾರೆ. ಮೇಲಾಗಿ ಕೈಯಲ್ಲಿ ಬಾಡಿಗೆ ಹಿಡಿದೇ ನಿಂತಿರುತ್ತಾರೆ.

ಅವನ ತಲೆಗೆ ಉಪಾಯ ಹೊಳೆದದ್ದು ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನ ಅಂಗಳದಲ್ಲಿ. ಅಲ್ಲಿ ಭತ್ತದ ಹೊಟ್ಟಿನ ರಾಶಿ ಬಿದ್ದಿತ್ತು. ಬಳ್ಳಾರಿಯ ಬೆಟ್ಟ ಬಂದು ಪಕ್ಕದಲ್ಲಿ ನಿಂತರೆ ನಾಚಿಕೊಂಡು ಹಿಂದಕ್ಕೆ ಹೋಗಬೇಕು, ಅಷ್ಟು ದೊಡ್ಡ ರಾಶಿ. ಮೈಲಾರಪ್ಪ ಅದನ್ನು ನೋಡಿದ. ಮಾಲಿನ ಗಾಡಿಯಲ್ಲಿ ಮಾಲು ಹೋಗಬೇಕು, ಸರಿ. ಮಾಲಿನ ಜೊತೆ ಮಾಲಿನ ಧಣಿ ಹೋದರೆ? ಯಾರು ಏನು ಮಾಡಿಯಾರು? ಚೀಲ ಇದ್ದವನು ಪ್ರಯಾಣಿಕನಲ್ಲ, ಧಣಿ!

ಅಂದೇ ಅವನು ಚೀಲಗಳಿಗೆ ಹೊಟ್ಟು ತುಂಬಿಸಿದ, ಬಾಯಿ ಹೊಲಿಸಿದ, ವ್ಯಾನಿಗೆ ಹಾಕಿದ. ಹತ್ತುವವರೆಲ್ಲರಿಗೂ ಒಂದೊಂದು. ಚೀಲದ ಮೇಲೆ ಕೂಡುವುದು, ಯಾರಾದರೂ ಕೇಳಿದರೆ 'ಇದು ನಮ್ಮದು' ಎನ್ನುವುದು. ಇಳಿಯುವಾಗ ಚೀಲ ಗಾಡಿಯಲ್ಲೇ ಬಿಡುವುದು.

ಒಮ್ಮೆ ಬಳ್ಳಾರಿಯ ಹೊರಗೆ ಪೊಲೀಸಪ್ಪ ಕೈ ಅಡ್ಡ ಹಾಕಿ ಕೇಳಿದ. "ಯಾರ್ಲೇ ಇವರೆಲ್ಲ?"

"ಹೊಟ್ಟಿನ ವ್ಯಾಪಾರಸ್ಥರು, ಸಾಹೇಬ್ರ."

"ಮಗ್ಗಲಕ ಕೂಸಿಗೆ ಹಾಲು ಕುಡಸ್ತಿರೋ ಅಕಿ?"

"ಅಕೀದು ಹೋಲ್‌ಸೇಲ್ ರೀ."

ಪೊಲೀಸಪ್ಪ ನಕ್ಕು ನಕ್ಕು ಟೋಪಿ ಬೀಳಿಸಿಕೊಂಡ. ಅವನು ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ವ್ಯಾನು ಊರೊಳಗಿತ್ತು.

ಆಮೇಲೆ ಕೇಳಬೇಕೆ! ಬಾಸಿಂಗ ಕಟ್ಟಿದ ಮದುಮಗನೊಬ್ಬ ಹೊಟ್ಟಿನ ಚೀಲದ ಮೇಲೆ ಕೂತೇ ರೂಪನಗುಡಿಗೆ ಹೋಗಿ ತಾಳಿ ಕಟ್ಟಿ ಬಂದ. ಆ ಚೀಲಗಳು ಬಳ್ಳಾರಿಯನ್ನು ಊರ ಗೌಡರಿಗಿಂತ ಹೆಚ್ಚು ಸಲ ಕಂಡವು. ಅವುಗಳಲ್ಲಿ ಒಂದಕ್ಕಂತೂ ಓಣಿ ಓಣಿಯ ಗುರುತಿತ್ತು, ದಾರಿ ತಪ್ಪಿದವರು ಅದನ್ನೇ ಕೇಳಿಕೊಳ್ಳುತ್ತಿದ್ದರು. ಸಿರಿಗೇರಿಯ ಜನ ಮೈಲಾರಪ್ಪನನ್ನು ಕಂಡರೆ "ವಕೀಲರ ವಕೀಲ" ಎನ್ನುತ್ತಿದ್ದರು. ಅವನು ಬೇಡ ಎನ್ನುತ್ತಿರಲಿಲ್ಲ.

ಚೀಲದ ಮೇಲೆ ಕೂಡದವಳು ಒಬ್ಬಳೇ. ಕುರುಗೋಡಿನ ಬಳೆಗಾರ್ತಿ ರೋಷನಬಿ. ಹೆಗಲಿಗೆ ಬಳೆಯ ಮಲಾರ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗುವವಳು. ಕುರುಗೋಡಿನಲ್ಲಿ ಒಂದು ಮಧ್ಯಾಹ್ನ ಮೈಲಾರಪ್ಪ ಅವಳ ಪಕ್ಕದಲ್ಲೇ ವ್ಯಾನು ನಿಲ್ಲಿಸಿದ.

"ಬಾ ರೋಷನಕ್ಕ, ಹತ್ತು. ಈ ಬಿಸಲಾಗ ನಡದ್ರ ಬಳಿ ಕರಗತಾವು."

"ಗಾಜು ಕರಗಂಗಿಲ್ಲ ಮೈಲಾರಣ್ಣ, ಒಡೀತೈತಿ. ಒಂದು ಮಾತು ಹೇಳು. ಈ ಗಾಡಿ ವಿಮಾ ಮಂದೀದೋ, ಮಾಲಿಂದೋ?"

"ಮಾಲಿಂದು. ಅದಕ್ಕ ಅಲ್ಲೇನು ಎಲ್ಲಾರಿಗೂ ಮಾಲು ಕೊಟ್ಟಿರೋದು!"

ವ್ಯಾನಿನೊಳಗಿದ್ದವರು ನಕ್ಕರು. ರೋಷನಬಿ ನಗಲಿಲ್ಲ.

"ನಮ್ಮನಿಯವ್ರು ಹೋಗಿದ್ದು ಹಿಂಗಽ. ಸಾವುಕಾರ್ರ ಉಳ್ಳಾಗಡ್ಡಿ ಲಾರಿ ಮ್ಯಾಲ ಬಾಡಿಗಿ ಕೊಟ್ಟು ಕುಂತು ಬರ್ತಿದ್ರು. ಲಾರಿ ಮಗಚಿತು. ಉಳ್ಳಾಗಡ್ಡಿಗೆ ಪರಿಹಾರ ಬಂತು. ನಮ್ಮನಿಯವರಿಗೆ ಬರ್ಲಿಲ್ಲ."

ಮೈಲಾರಪ್ಪನ ನಾಲಿಗೆ ತುರಿಸಿತು.

"ಅವರ ಹತ್ರ ಚೀಲ ಇರ್ಲಿಲ್ಲ ನೋಡು, ಅದಕ್ಕ."

ಮತ್ತೆ ನಗು. ರೋಷನಬಿ ಅವನ ಮುಖವನ್ನೇ ನೋಡಿದಳು. "ನನಗ ಹೇಳಿದ್ದಕ್ಕ ಏನಿಲ್ಲಪ್ಪ. ನಿನ್ನ ಗಾಡ್ಯಾಗ ನಿಮ್ಮನಿ ಮಂದೀನೂ ಕುಂದರ್ತಾರ. ಕುಂದರಸೋ ಮೊದ್ಲ ಯಾರಾದ್ರೂ ವಕೀಲರ್ನ ಕೇಳು" ಎಂದು ಮಲಾರ ಸರಿ ಮಾಡಿಕೊಂಡು ನಡೆದಳು. ಬಿಸಿಲು ಎಷ್ಟಿತ್ತೆಂದರೆ ಅವಳ ನೆರಳೂ ಚಪ್ಪಲಿ ಹಾಕಿಕೊಂಡಿತ್ತು.

ಮೈಲಾರಪ್ಪ ಯಾವ ವಕೀಲರನ್ನೂ ಕೇಳಲಿಲ್ಲ. ತಾನೇ ವಕೀಲರ ವಕೀಲ ಅಲ್ಲವೆ?

ಶ್ರಾವಣ ಬಂತು. ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವ ಕಾಲ. ಅಣ್ಣನೋ ತಮ್ಮನೋ ಹೋಗಿ ಕರೆಯದೆ ಈ ಕಡೆಯ ಹೆಣ್ಣುಮಗಳು ಹಬ್ಬಕ್ಕೆ ಹೊರಡುವುದಿಲ್ಲ. ಬಸ್ಸಿನ ಪಾಡು ಗೊತ್ತಿದ್ದ ಸಿರಿಗೇರಿಯ ಗಂಡಸರು ಆ ವರ್ಷ ಹೊಸ ದಾರಿ ಹುಡುಕಿದರು. "ಮೈಲಾರಪ್ಪ, ನಿಮ್ಮಕ್ಕನ್ನ ಕರಿಯಾಕ ಹೋಗ್ತೀಯಲ್ಲ, ಹಂಗ ನಮ್ಮ ತಂಗೀನೂ ಕರಕೊಂಡು ಬಾ." ಹೀಗೆ ಬಾಡಿಗೆ ಕೊಟ್ಟು ಊರಿನ ತಮ್ಮಂದಿರೆಲ್ಲ ತಮ್ಮ ತಮ್ಮತನವನ್ನು ಮೈಲಾರಪ್ಪನಿಗೆ ಗುತ್ತಿಗೆ ಕೊಟ್ಟರು. ಅವನು ಆ ದಿನ ಕುರುಗೋಡಿನಿಂದ ಬಾದನಹಟ್ಟಿಯವರೆಗೆ ಅರ್ಧ ಸೀಮೆಯ ಹೆಣ್ಣುಮಕ್ಕಳಿಗೆ ಒಡಹುಟ್ಟಿದವನಾಗಿ ಹೊರಟ.

ಅವನ ಸ್ವಂತ ಅಕ್ಕ ಜಡೆಮ್ಮ ಬಾದನಹಟ್ಟಿಯ ಸೊಸೆ. ತಾಯಿ ಸತ್ತ ಮೇಲೆ ಮೈಲಾರಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಭತ್ತದ ನಾಟಿಯಲ್ಲಿ ಅವಳನ್ನು ಮೀರಿಸುವವರಿಲ್ಲ. ಕೆಸರಿನಲ್ಲಿ ಬಗ್ಗಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಸಸಿ ಊರಲು ನಿಂತರೆ ಗದ್ದೆ ಮುಗಿದದ್ದೇ ಗೊತ್ತಾಗದೆ ಪಕ್ಕದ ಗದ್ದೆಯನ್ನೂ ಅರ್ಧ ಮುಗಿಸಿ ಬಿಡುತ್ತಿದ್ದಳು. ಬಾದನಹಟ್ಟಿಯ ನಾಟಿಯ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಅವಳ ಗಂಡ ಎರ್ರಿಸ್ವಾಮಿಗೆ ದಮ್ಮಿನ ಕಾಯಿಲೆ. ಆ ಮನೆಯ ಒಲೆ ಉರಿಯುತ್ತಿದ್ದದ್ದು ಜಡೆಮ್ಮನ ಎರಡು ಕಾಲಿನ ಮೇಲೆ.

ವ್ಯಾನು ಬಾಗಿಲಿಗೆ ಬಂದಾಗ ಜಡೆಮ್ಮ ಹೊಸ ಸೀರೆ ಉಟ್ಟು, ಎಳ್ಳುಂಡಿಯ ಡಬ್ಬಿ ಹಿಡಿದು ನಿಂತಿದ್ದಳು. ಒಳಗೆ ಕಣ್ಣು ಹಾಯಿಸಿದಳು. ಚೀಲದ ಮೇಲೆ ಚೀಲದಂತೆ ಹೆಂಗಸರು.

"ಲೇ ಮೈಲಾರಿ, ಹಬ್ಬಕ್ಕ ಕರಿಯಾಕ ಬಂದೀಯೋ, ಮಿಲ್ಲಿಗೆ ಹಾಕಾಕ ಬಂದೀಯೋ?"

"ಯಕ್ಕಾ, ನೀ ಮುಂದ ಬಾ. ನನ್ನ ಮಗ್ಗಲಕ ಕುಂದ್ರು."

ಮುಂದೆ ಕೂಡಲು ಹೋದ ಜಡೆಮ್ಮನಿಗೆ ಹಿಂದೆ ಎಳೆಗೂಸು ಎತ್ತಿಕೊಂಡ ಒಬ್ಬ ಬಾಣಂತಿ ಕಂಡಳು. "ಎವ್ವಾ, ಈ ಹೊಟ್ಟಿನ ಧೂಳಾಗ ಕೂಸು! ಬಾ ತಂಗಿ, ನೀ ಮುಂದ ಹೋಗು" ಎಂದು ತಾನು ಹಿಂದೆ ಬಾಗಿಲ ಬಳಿ ಹೋಗಿ ಕೂತಳು. ಅಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಉಂಡಿಯ ಡಬ್ಬಿಯನ್ನೇ ಹಿಡಿದುಕೊಂಡಳು.

"ಯಾರಾದ್ರೂ ಕೇಳಿದ್ರ ಚೀಲ ನಂದು ಅನ್ಬೇಕು, ನೆನಪಿರ್ಲಿ" ಎಂದು ಮೈಲಾರಪ್ಪ ಕೂಗಿ ಹೇಳಿದ.

"ಆತಪಾ, ನಂದಽ. ನೀನೂ ನಂದಽ, ನಿನ್ನ ಹೊಟ್ಟೂ ನಂದಽ. ನಡಿ ಇನ್ನ."

ಹಾಡು ಹೇಳುತ್ತ ಹೊರಟ ವ್ಯಾನು. ಆ ಹೆಂಗಸರ ನಗು ದಾರಿಯ ಎರಡೂ ಬದಿಯ ಗದ್ದೆಗಳಲ್ಲಿ ಅಲೆ ಎಬ್ಬಿಸಿತು. ಕಾಲುವೆಯ ತಿರುವಿನಲ್ಲಿ ಸಸಿಯ ಕಟ್ಟು ಹೇರಿದ ಬಂಡಿಯೊಂದು ಅಡ್ಡ ಬಂತು. ಮೈಲಾರಪ್ಪ ಬಲಕ್ಕೆ ತಿರುಗಿಸಿ ಬ್ರೇಕು ಒತ್ತಿದ, ಮತ್ತೆ ಎಡಕ್ಕೆ ತಿರುಗಿಸಿ ಗಾಡಿಯನ್ನು ಒಮ್ಮೆಲೇ ಮುಂದಕ್ಕೆ ಎಗರಿಸಿದ. ಆ ಬ್ರೇಕಿನ ಸದ್ದು ಆಂಧ್ರದ ಗಡಿ ದಾಟಿ ಹೋಗಿರಬೇಕು. ಬಂಡಿಗೆ ಏನೂ ಆಗಲಿಲ್ಲ. ಎತ್ತುಗಳಿಗೆ ಏನೂ ಆಗಲಿಲ್ಲ.

ನೆಲಕ್ಕೆ ಬಿಗಿದ ಸೀಟು ಜಾರುವುದಿಲ್ಲ. ಹೊಟ್ಟಿನ ಚೀಲ ಜಾರುತ್ತದೆ. ಎಲ್ಲ ಚೀಲಗಳೂ, ಅವುಗಳ ಮೇಲಿದ್ದ ಎಲ್ಲರೂ ಒಂದೇ ಕಡೆಗೆ ಸರಿದು ಹಿಂಬಾಗಿಲಿಗೆ ಬಡಿದರು. ಬಾಗಿಲು ಕಿತ್ತು ತೆರೆಯಿತು. ಬಾಗಿಲ ಬಳಿ ಇದ್ದವಳು ಜಡೆಮ್ಮ. ಅವಳು ರಸ್ತೆಗೆ ಬಿದ್ದಳು, ಅವಳ ಮೇಲೆ ಇನ್ನಿಬ್ಬರು, ಅವರ ಮೇಲೆ ಕಿತ್ತು ಬಂದ ಬಾಗಿಲು. ಉಳಿದವರಿಗೆ ಕೈ ಮುರಿದದ್ದು, ಹಲ್ಲು ಹೋದದ್ದು. ಜಡೆಮ್ಮನ ಬಲ ಮೊಣಕಾಲು ಮೊಣಕಾಲಾಗಿ ಉಳಿಯಲಿಲ್ಲ.

ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಕಾಲು ಉಳಿಸಿದರು. ಮಡಚುವುದನ್ನು ಉಳಿಸಲು ಆಗಲಿಲ್ಲ.

"ಬೆಂಗಳೂರಿನಲ್ಲಿ ಒಂದು ಆಪರೇಷನ್ ಇದೆ" ಎಂದರು ಡಾಕ್ಟರು. "ಮಾಡಿಸಿದರೆ ಕಾಲು ಮಡಚಬಹುದು. ಆದರೆ ಒಂದು ವರ್ಷದೊಳಗೆ ಆಗಬೇಕು. ಆಮೇಲೆ ಕೀಲು ಕಲ್ಲಾಗಿಬಿಡುತ್ತದೆ. ಖರ್ಚು ಬಹಳ."

ಎರ್ರಿಸ್ವಾಮಿ ಉಸಿರು ಎಳೆದುಕೊಳ್ಳುತ್ತ ಗೋಡೆಗೆ ಒರಗಿ ಕೂತಿದ್ದ. ಜಡೆಮ್ಮ ಕೇಳಿದ್ದು ಒಂದೇ ಮಾತು. "ಡಾಕ್ಟ್ರ, ಮಡಚದ ಕಾಲಿಲೆ ನಾಟಿ ಹಚ್ಚಾಕ ಬರತೈತೇನ್ರಿ?"

ಡಾಕ್ಟರು ಪಕ್ಕದ ಮಂಚಕ್ಕೆ ಹೋದರು.

ವಕೀಲರು ಸಿಕ್ಕರು. ಜಡೆಮ್ಮನ ಹೆಸರಿನಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿದ್ದಾಯಿತು. ವಿಮಾ ಕಂಪನಿ ಒಪ್ಪಿಕೊಂಡರೆ ರಾಜಿಯಲ್ಲಿ ಬೇಗ ಮುಗಿಯುತ್ತದೆ, ಆಪರೇಷನ್ನಿಗೆ ದಾರಿಯಾಗುತ್ತದೆ ಎಂದು ವಕೀಲರು ಹೇಳಿದರು. ಕಂಪನಿಯವರ ಉತ್ತರ ಬಂತು. ಇದು ಮಾಲಿನ ಗಾಡಿ, ಇದರಲ್ಲಿ ಬಾಡಿಗೆ ಕೊಟ್ಟು ಕೂತ ಜನರಿಗೂ ನಮಗೂ ಸಂಬಂಧವಿಲ್ಲ.

"ಯಾಕ ಇಲ್ಲ?" ಮೈಲಾರಪ್ಪ ವಕೀಲರ ಮೇಜು ಗುದ್ದಿದ. "ಅವರೆಲ್ಲ ಮಾಲಿನ ಧಣಿಗಳು! ಒಬ್ಬೊಬ್ಬರಿಗೂ ಚೀಲ ಇತ್ತು. ನಮ್ಮಕ್ಕನಿಗೂ ಇತ್ತು."

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. "ಅದನ್ನ ಕೋರ್ಟಿನಾಗ ನಿಮ್ಮಕ್ಕ ಹೇಳಬೇಕು" ಎಂದಷ್ಟೇ ಅಂದರು.

ಮೈಲಾರಪ್ಪ ಬಾದನಹಟ್ಟಿಗೆ ಓಡಿದ. ಜಡೆಮ್ಮ ಕೋಲು ಹಿಡಿದು, ನೇರ ನಿಂತ ಕಾಲನ್ನು ಮುಂದೆ ಚಾಚಿ ಪಡಸಾಲೆಯಲ್ಲಿ ಕೂತಿದ್ದಳು.

"ಯಕ್ಕಾ, ಇಷ್ಟ ಹೇಳು. ಹೊಟ್ಟು ನಂದು, ಮಾರಾಕ ಒಯ್ತಿದ್ದೆ ಅನ್ನು. ಆಪರೇಷನ್ ಆಗತೈತಿ."

"ಹಬ್ಬಕ್ಕ ಬಂದಿದ್ದೆ ಅಂತ ಹೇಳಬಾರದ?"

"ಹಬ್ಬ ಅಂದಿ ಅಂದ್ರ ಸತ್ವಿ."

ಗಂಡ ಎರ್ರಿಸ್ವಾಮಿ ಒಳಗಿನಿಂದ ಕೆಮ್ಮಿದ. "ಕಾಲು ಮುರದ ಮ್ಯಾಲ ಈಗ ನಾಲಿಗೀನೂ ಮುರಕೋ ಅಂತಾನ ನಿನ್ನ ತಮ್ಮ."

ವಿಚಾರಣೆಯ ದಿನ ಕೋರ್ಟಿನ ವರಾಂಡದಲ್ಲಿ ರೋಷನಬಿ ಬಂದು ಜಡೆಮ್ಮನ ಪಕ್ಕದಲ್ಲಿ ಕೂತಳು. ಸುದ್ದಿ ಕೇಳಿ ಕುರುಗೋಡಿನಿಂದ ಬಂದಿದ್ದಳು. ಮೈಲಾರಪ್ಪ ಮುಖ ತಿರುಗಿಸಿ ನಿಂತ. ಆಮೇಲೆ ತಡೆಯಲಾರದೆ ಕೇಳಿದ.

"ರೋಷನಕ್ಕ, ನಿನಗ ಇಲ್ಲೀದೆಲ್ಲ ಗೊತ್ತೈತಿ. ನಮ್ಮಕ್ಕಗ ಒಂದೀಟು ಹೇಳಿಕೊಡು. ಹೆಂಗ ಹೇಳಿದ್ರ ನಂಬತಾರ?"

"ನಾನೂ ಹೇಳಿದ್ದೆ ಮೈಲಾರಣ್ಣ. ಉಳ್ಳಾಗಡ್ಡಿ ನಮ್ಮವು, ನಮ್ಮನಿಯವರು ಮಾರಾಕ ಹೊಂಟಿದ್ರು ಅಂತ ಹೇಳಿದ್ದೆ. ಯಾರೋ ಹೇಳಿಕೊಟ್ಟಿದ್ರು. ಎಷ್ಟು ಹೊಲ ಐತಿ ಅಂತ ಕೇಳಿದ್ರು. ಹೊಲ ಎಲ್ಲಿಂದ ತರ್ಲಿ? ಗಂಡನ್ನ ಕಳಕೊಂಡೆ, ಮ್ಯಾಲ ಸುಳ್ಳಬುರಕಿ ಅನ್ನಿಸ್ಕೊಂಡು ಹೊರಗ ಬಂದೆ." ಅವಳು ಜಡೆಮ್ಮನ ಕೈ ಹಿಡಿದುಕೊಂಡಳು. "ನಾ ಹೇಳಿದ್ದು ಖರೇ ಆತು ಅಂತ ಖುಷಿ ಪಡಾಕ ಬಂದಿಲ್ಲ. ಒಬ್ಬಾಕೀನ ಒಳಗ ಹೋಗೋದು ಕಷ್ಟ ಆಗತೈತಿ ಅಂತ ಬಂದೆ."

ಮೊದಲು ಮೈಲಾರಪ್ಪನನ್ನು ಕರೆದರು. ಅವನು ಎದೆ ಉಬ್ಬಿಸಿ ಹೇಳಿದ. ಹೊಟ್ಟು ಅವರದು, ನಾನು ಬರೀ ಬಾಡಿಗೆಯವನು.

ಕಂಪನಿಯ ವಕೀಲರು ಬಹಳ ಮೆತ್ತಗಿನ ಮನುಷ್ಯ. ಅವರ ಮಾತು ಎಷ್ಟು ಮೆತ್ತಗೆಂದರೆ ಚುಚ್ಚಿದ್ದು ಮನೆಗೆ ಹೋದ ಮೇಲೆ ಗೊತ್ತಾಗುತ್ತಿತ್ತು.

"ಚೀಲದ ಮೇಲೆ ಸಿರುಗುಪ್ಪದ ಮಿಲ್ಲಿನ ಗುರುತಿದೆಯಲ್ಲ, ಯಜಮಾನ್ರೇ?"

"ಇರತೈತಿ."

"ಸಿರುಗುಪ್ಪದ ಹೊಟ್ಟು ಬಾದನಹಟ್ಟಿಗೆ ಹೋಗಿ, ಅಲ್ಲಿಂದ ಮಾರಾಟಕ್ಕೆ ಸಿರಿಗೇರಿಗೆ ಬರ್ತಿತ್ತು. ಸಿರಿಗೇರಿಯಲ್ಲಿ ಹೊಟ್ಟಿನ ಬರ ಬಿದ್ದಿತ್ತೇ?"

ಜನ ನಕ್ಕರು. ಕುರುಗೋಡಿನಲ್ಲಿ ವ್ಯಾನಿನೊಳಗಿನವರು ನಕ್ಕಿದ್ದರಲ್ಲ, ಅದೇ ನಗು. ಈ ಸಲ ಅದು ಮೈಲಾರಪ್ಪನ ಕಡೆಗೆ ತಿರುಗಿತ್ತು. ಅವನ ಹರಿತ ಬುದ್ಧಿ ಒರೆಯಿಂದ ಹೊರಗೆ ಬರಲೇ ಇಲ್ಲ.

ಆಮೇಲೆ ಜಡೆಮ್ಮ. ಕಟಕಟೆಯ ಮೆಟ್ಟಿಲು ಹತ್ತಲು ಅವಳಿಗೆ ಆಗಲಿಲ್ಲ. ಕೆಳಗೇ ನಿಂತು ಹೇಳಲು ನ್ಯಾಯಾಧೀಶರು ಒಪ್ಪಿದರು. ಮೈಲಾರಪ್ಪ ಹಿಂದಿನ ಬೆಂಚಿನಿಂದ ಅವಳನ್ನೇ ನೋಡುತ್ತಿದ್ದ. ಒಂದು ಮಾತು. ಹೊಟ್ಟು ನಂದು. ಅಷ್ಟು ಸಾಕು.

"ಅಮ್ಮಾ, ಆ ಚೀಲದ ಹೊಟ್ಟು ಯಾರದು?" ಎಂದರು ಕಂಪನಿಯ ವಕೀಲರು.

"ನಂ..." ಎಂದಳು ಜಡೆಮ್ಮ. ನಿಂತಳು. ಮಡಚದ ಕಾಲಿನ ಮೇಲೆ ಭಾರ ಹಾಕಲಾಗದೆ ಕೋಲನ್ನು ಇನ್ನೊಂದು ಕೈಗೆ ಬದಲಿಸಿದಳು. "ಯಾರಿಗೆ ಮಾರಾಕ ಒಯ್ತಿದ್ದಿ ಅಂತ ಮುಂದ ಕೇಳ್ತೀರಿ, ಅಲ್ರಿ?"

"ಕೇಳಲೇಬೇಕಲ್ಲಮ್ಮ."

"ಕೇಳಬ್ಯಾಡ್ರಿ. ಹೊಟ್ಟು ನಂದಲ್ಲ. ನಮ್ಮ ತಮ್ಮ ಪಂಚಮಿಗೆ ಕರಿಯಾಕ ಬಂದಿದ್ದ. ಹೊಸಾ ಸೀರಿ ಉಟ್ಟು, ಉಂಡಿ ಕಟ್ಟಿಕೊಂಡು ತವರಮನಿಗೆ ಹೊಂಟಿದ್ದೆ. ತವರಿಗೆ ಹೋಗೋ ಹೆಣ್ಣಮಗಳು ಯಾಕ ಹೊಟ್ಟು ಹೊರ್ತಾಳ್ರಿ? ನಾ ಮಾಲಲ್ಲರಿ. ಮನಷ್ಯಾಳು."

ಕೋರ್ಟಿನಲ್ಲಿ ಯಾರೂ ನಗಲಿಲ್ಲ. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. ಆಮೇಲೆ ಬರೆದರು.

ತೀರ್ಪು ಜಡೆಮ್ಮನ ಪರವಾಗಿಯೇ ಬಂತು. ಅವಳಿಗೆ ಪರಿಹಾರ ಸಿಗಬೇಕು ಎಂದಿತು. ಕೊಡಬೇಕಾದವರು ಕಂಪನಿಯವರಲ್ಲ, ಗಾಡಿಯ ಧಣಿ ಎಂದಿತು. ಗಾಡಿಯ ಧಣಿ ಅಂದರೆ ಮೈಲಾರಪ್ಪ. ಅವನ ಹತ್ತಿರ ಇದ್ದದ್ದು ಹಿಂಬಾಗಿಲು ಕಿತ್ತುಹೋದ ಒಂದು ವ್ಯಾನು. ಅದು ಬಳ್ಳಾರಿಯ ಗುಜರಿಗೆ ಹೋಯಿತು. ಹನುಮಮ್ಮನ ಕೊರಳಲ್ಲಿ ಇದ್ದದ್ದೂ ಹೋಯಿತು. ಎಲ್ಲ ಸೇರಿಸಿದರೂ ಬೆಂಗಳೂರಿನ ದಾರಿಯ ಅರ್ಧಕ್ಕೂ ಮುಟ್ಟಲಿಲ್ಲ. ಅಷ್ಟರಲ್ಲಿ ಡಾಕ್ಟರು ಹೇಳಿದ ವರ್ಷ ಕಳೆದೇ ಹೋಗಿತ್ತು. ಕೀಲು ಕಲ್ಲಾಗಿತ್ತು. ಸೀಟಿನ ತೆರಿಗೆಯಲ್ಲಿ ಮೈಲಾರಪ್ಪ ಉಳಿಸಿದ್ದೆಲ್ಲ ಜಡೆಮ್ಮನ ಆಸ್ಪತ್ರೆಯ ಪಟ್ಟಿ ಕಟ್ಟುವ ಬಟ್ಟೆಗೂ ಸಾಲಲಿಲ್ಲ.

"ನೀ ಹೂಂ ಅಂದಿದ್ರ ಕಾಲು ಬರ್ತಿತ್ತೇನೋ ಯಕ್ಕಾ" ಎಂದ ಮೈಲಾರಪ್ಪ, ಒಂದು ದಿನ ಬಾದನಹಟ್ಟಿಯಲ್ಲಿ.

"ನೀ ಸೀಟು ಹಂಗಽ ಬಿಟ್ಟಿದ್ರ ಕಾಲು ಹೋಗತಿರ್ಲಿಲ್ಲ ತಮ್ಮಾ" ಎಂದಳು ಜಡೆಮ್ಮ. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಈಗ ನಾಟಿಯ ಕಾಲದಲ್ಲಿ ಜಡೆಮ್ಮ ಬದುವಿನ ಮೇಲೆ ಕಾಲು ಚಾಚಿ ಕೂತು ಸಸಿಯ ಕಟ್ಟು ಬಿಚ್ಚಿ ಕೊಡುತ್ತಾಳೆ. ಗದ್ದೆಗೆ ಇಳಿಯುವವರಿಗೆ ಸಿಗುವ ಕೂಲಿ ಬದುವಿನ ಮೇಲೆ ಕೂತವರಿಗೆ ಸಿಗುವುದಿಲ್ಲ. ಅವಳಿಗಿಂತ ಚಿಕ್ಕವರು ತಪ್ಪು ಸಾಲು ಹಿಡಿದಾಗ ಅವಳು ಕೂಗಿ ಹೇಳುತ್ತಾಳೆ. ಕೆಲವರು ಕೇಳುತ್ತಾರೆ, ಕೆಲವರು ಕೇಳುವುದಿಲ್ಲ.

ಮೈಲಾರಪ್ಪ ಮಿಲ್ಲೊಂದರಲ್ಲಿ ಹಮಾಲಿ ಮಾಡುತ್ತಾನೆ. ಕೆಲಸ ಇಲ್ಲದ ಹೊತ್ತಿನಲ್ಲಿ ಸಿರಿಗೇರಿ ಕ್ರಾಸಿನಲ್ಲಿ ನಿಂತು, ಮಾಲಿನ ಗಾಡಿಗೆ ಕೈ ಎತ್ತುವವರನ್ನು ತಡೆಯುತ್ತಾನೆ. "ಹತ್ತಬ್ಯಾಡ್ರಿ, ಇದು ಮಂದಿ ಗಾಡಿ ಅಲ್ಲ, ವಿಮಾ ಬರಂಗಿಲ್ಲ" ಎನ್ನುತ್ತಾನೆ. ಬಾಯಿ ಬತ್ತುವಷ್ಟು ಹೇಳುತ್ತಾನೆ. ಒಮ್ಮೆ ಒಬ್ಬ ಹುರುಪಿನ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನ್ಲೇ ಮೈಲಾರಪ್ಪ, ನಿನ್ನ ಗಾಡಿ ಹೋತಂತ ನಮ್ಮ ಮ್ಯಾಲ ಉರೀನಾ? ನಿನ್ನ ಹೊಟ್ಟಿನ ಉಪಾಯ ಎಲ್ಲಾ ಕಡೆ ನಡದೈತಿ, ನೋಡಿಲ್ಲಿ!" ಎಂದು ಒಳಗೆ ಕೂತವರನ್ನು ತೋರಿಸಿದ. ಅವರೂ ನಕ್ಕರು. ಗಾಡಿ ಹೋಯಿತು.

ಹನುಮಮ್ಮ ಮಾತ್ರ ಈಗ ಹಾಗೆ ಬಿಡುವುದಿಲ್ಲ. ಊರಿನ ಯಾವ ಹೆಣ್ಣುಮಗಳು ಪರಊರಿಗೆ ಹೊರಟರೂ ಓಣಿಯ ತುದಿಯವರೆಗೆ ಹೋಗಿ ಹೇಳಿ ಬರುತ್ತಾಳೆ. "ತಡ ಆದ್ರ ಆಗ್ಲಿ, ಬಸ್ಸಿಗೆ ಹೋಗಬೇ. ನನ್ನ ಗಂಡ ಊರಿಗೆಲ್ಲ ಬುದ್ಧಿವಂತ ಇದ್ದ."

ಓದುವ ಅಣ್ಣಂದಿರೇ, ಅಕ್ಕಂದಿರೇ, ಗಾಡಿ ಇಟ್ಟವರೇ! ನಿಮ್ಮ ಗಾಡಿಯನ್ನು ಮಾಲಿನ ಗಾಡಿಯಾಗಿ ಬದಲಿಸಿ ತೆರಿಗೆ ಇಳಿಸಿಕೊಳ್ಳುವುದು ತಪ್ಪಲ್ಲ. ಬದಲಿಸಿದ ಮೇಲೆ ಮಾಲನ್ನೇ ಹೇರಿರಿ. ಜನರನ್ನು ಒಯ್ಯುವುದಿದ್ದರೆ ಜನರ ಗಾಡಿಯ ತೆರಿಗೆ ಕಟ್ಟಿರಿ, ಪರವಾನಗಿ ಇಟ್ಟುಕೊಳ್ಳಿರಿ, ಒಳಗೆ ಕೂತವರಿಗೂ ತಗಲುವ ವಿಮೆ ಮಾಡಿಸಿರಿ. ಉಪಾಯ ಹೊಳೆದರೆ ಅದನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿರಿ.

ಗಾಡಿ ಹತ್ತುವವರೇ! ಬಿಸಿಲು ಸುಡುತ್ತದೆ, ಬಸ್ಸು ಬರುವುದಿಲ್ಲ, ಹಬ್ಬ ಕಾಯುವುದಿಲ್ಲ, ಎಲ್ಲವೂ ನಿಜ. ಆದರೂ ಕಾಲಿಡುವ ಮೊದಲು ಕೇಳಿರಿ. ಇದು ಮಂದಿಯ ಗಾಡಿಯೋ, ಮಾಲಿನ ಗಾಡಿಯೋ? ಕೇಳಿದರೆ ಡ್ರೈವರನಿಗೆ ಸಿಟ್ಟು ಬಂದೀತು, ಪಕ್ಕದವರು ನಕ್ಕಾರು. ನಗಲಿ ಬಿಡಿ. ನಾಳೆ ನಿಮ್ಮ ಕಾಲಿನ ಮೇಲೆ ನೀವು ನಿಲ್ಲಬೇಕಾದಾಗ ಅವರಲ್ಲಿ ಒಬ್ಬರೂ ಹೆಗಲು ಕೊಡಲು ಬರುವುದಿಲ್ಲ.